ಬೆಲೆ ಇಳಿಸಿದರೆ ಕಾರು ಕಂಪನಿ ಉಳಿಯುತ್ತಾ?

ಓದುಗರ ಪ್ರಶ್ನೆ: ವಿದೇಶಿ ಕಾರುಗಳ ಪೈಪೋಟಿಯಲ್ಲಿ ನಮ್ಮದೊಂದು ಕಂಪನಿ ಸೋಲುತ್ತಿದ್ದರೆ ಬೆಲೆ ಇಳಿಸುವುದೇ ಸುಲಭದ ದಾರಿ ಅಲ್ವಾ?

ಸುಲಭದ ದಾರಿ ಹೌದು, ಆದರೆ ಮೊದಲು ಹಿಡಿಯಬೇಕಾದ ದಾರಿ ಅದಲ್ಲ. ಜನ ಗಾಡಿಯ ಮೇಲೆ ನಂಬಿಕೆ ಕಳೆದುಕೊಂಡಿದ್ದರೆ ಅಗ್ಗ ಮಾಡಿದಷ್ಟೂ ಅನುಮಾನ ಜಾಸ್ತಿಯಾಗುತ್ತದೆ.

ಟಾಟಾ ಇಂಡಿಕಾ ಬಂದಿದ್ದು 1998ರ ಕೊನೆಯಲ್ಲಿ. ಅದೇ ವರ್ಷ ಕೊರಿಯಾದ ಸ್ಯಾಂಟ್ರೋ, ಮಟೀಜ್ ಕೂಡ ಬಂದವು. ಇಂಡಿಕಾದ ಮೊದಲ ಗಾಡಿಗಳ ಮೇಲೆ ದೂರುಗಳ ಸುರಿಮಳೆಯಾಯಿತು. 2000-01ರಲ್ಲಿ ಕಂಪನಿಗೆ ಸುಮಾರು 500 ಕೋಟಿ ರೂಪಾಯಿ ನಷ್ಟ. ಆಗ ಅವರು ಮಾಡಿದ ಕೆಲಸ ನನಗೆ ಇವತ್ತಿಗೂ ಇಷ್ಟ. ಊರೂರಲ್ಲಿ ಕ್ಯಾಂಪ್ ಹಾಕಿ, ಮಾರಿಬಿಟ್ಟಿದ್ದ ಗಾಡಿಗಳ ಪಾರ್ಟ್ಸ್ ಪುಕ್ಕಟೆ ಬದಲಾಯಿಸಿಕೊಟ್ಟರು. 2001ರಲ್ಲಿ ತಪ್ಪು ತಿದ್ದಿದ ಇಂಡಿಕಾ ವಿ2 ತಂದರು. ಅದು ಚೆನ್ನಾಗಿ ಓಡಿತು.

ಎಷ್ಟು ಓಡಿತು ಅಂದರೆ, ಬೆಂಗಳೂರಲ್ಲಿ ಐಟಿ ಕಂಪನಿಗಳ ರಾತ್ರಿ ಪಾಳಿಯ ಪಿಕಪ್-ಡ್ರಾಪ್‌ಗೆ ಎಲ್ಲಿ ನೋಡಿದರೂ ಹಳದಿ ಬೋರ್ಡಿನ ಇಂಡಿಕಾ. ಡೀಸೆಲ್ ಖರ್ಚು ಕಡಿಮೆ, ಒಳಗೆ ಜಾಗ ಜಾಸ್ತಿ. ಆದರೆ ಇದರಿಂದಲೇ ಹೊಸ ತಲೆನೋವು ಶುರುವಾಯಿತು. ಮನೆಗೆ ಕಾರು ತರೋಣ ಅಂದರೆ "ಅದು ಟ್ಯಾಕ್ಸಿ ಅಲ್ವಾ?" ಅನ್ನುತ್ತಿದ್ದರು ಮನೆಯವರು. 2009ರಲ್ಲಿ ಬಂದ ನ್ಯಾನೋಗೂ 'ಅತಿ ಅಗ್ಗದ ಕಾರು' ಅನ್ನೋ ಹೆಸರೇ ಮುಳುವಾಯಿತು. ರತನ್ ಟಾಟಾ ಅವರೇ ಆಮೇಲೆ ಇದನ್ನು ಒಪ್ಪಿಕೊಂಡರು.

ಹಣೆಪಟ್ಟಿ ಬದಲಾಗಿದ್ದು ಬೇರೆ ದಾರಿಯಲ್ಲಿ. 2018ರಲ್ಲಿ ಟಾಟಾದ ನೆಕ್ಸಾನ್, ಕಾರುಗಳನ್ನು ಗುದ್ದಿಸಿ ಎಷ್ಟು ಗಟ್ಟಿ ಅಂತ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ 5 ಸ್ಟಾರ್ ಪಡೆಯಿತು. ಭಾರತದಲ್ಲಿ ತಯಾರಾದ ಕಾರುಗಳಲ್ಲಿ ಅದೇ ಮೊದಲು. ಮನೆಯವರನ್ನು ಕೂರಿಸಿಕೊಂಡು ತುಮಕೂರು ರಸ್ತೆಯಲ್ಲಿ ಹೋಗುವ ಅಪ್ಪನಿಗೆ ಹತ್ತು ಸಾವಿರದ ರಿಯಾಯಿತಿಗಿಂತ ಇದು ದೊಡ್ಡ ಮಾತು.

ಇನ್ನೊಂದು ವಿಷಯವಿದೆ, ಬಿಡಿಭಾಗ. ಹೋದ ವರ್ಷ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನನ್ನ ಹಳೇ ಕಾರಿನ ಡಿಕ್ಕಿಯ ಲಾಕ್ ಹುಡುಕುತ್ತಾ ನಾಲ್ಕು ಅಂಗಡಿ ಅಲೆದೆ. ಅದು ಇಲ್ಲಿಂದ ಗಂಟುಮೂಟೆ ಕಟ್ಟಿದ ಒಂದು ವಿದೇಶಿ ಕಂಪನಿಯ ಕಾರು. ಐದನೇ ಅಂಗಡಿಯಾತ ಗ್ರೀಸ್ ಹತ್ತಿದ ಕೈಯಲ್ಲೇ ಲಾಕ್ ತಿರುಗಿಸಿ ನೋಡಿ, "ಹೊಸದು ಬರಲ್ಲ ಸಾರ್, ಬಿಚ್ಚಿದ ಗಾಡಿದು ಸಿಕ್ಕಿದ್ರೆ ಫೋನ್ ಮಾಡ್ತೀನಿ" ಅಂದ. ಪಕ್ಕದಲ್ಲೇ ಒಬ್ಬರು ಹದಿನೈದು ವರ್ಷದ ಇಂಡಿಕಾಗೆ ಕ್ಲಚ್ ಕೇಬಲ್ ಕೇಳಿದರು. ಎರಡು ನಿಮಿಷದಲ್ಲಿ ಕೈಗೆ ಬಂತು.

ಹಾಗಂತ ವಿದೇಶಿ ಕಂಪನಿಗಳೆಲ್ಲ ಹೀಗೆ ಅಂತಲ್ಲ. ಹ್ಯುಂಡೈ ಚೆನ್ನೈ ಹತ್ತಿರ ಕಾರ್ಖಾನೆ ಹಾಕಿ, ಸಣ್ಣ ಊರುಗಳಿಗೂ ಸರ್ವೀಸ್ ಸೆಂಟರ್ ಮುಟ್ಟಿಸಿತು. ಅದಕ್ಕೇ ಗಟ್ಟಿಯಾಗಿ ನಿಂತಿದೆ. ಹಾಗಾಗಿ ಸೋಲುತ್ತಿರುವ ಕಂಪನಿಯ ಹತ್ತಿರ ದುಡ್ಡು ಕಡಿಮೆಯಿದ್ದರೆ ಆರು ಮಾಡೆಲ್ ಮಾಡುವ ಬದಲು ಎರಡನ್ನು ಸರಿಯಾಗಿ ಮಾಡಲಿ. ಹಬ್ಬದ ಆಫರ್‌ಗೆ ಸುರಿಯುವ ಹಣವನ್ನು ಮೊದಲು ಹಳೇ ಗಿರಾಕಿಯ ಗಾಡಿ ರಿಪೇರಿಗೆ ಹಾಕಲಿ.