ಕಬ್ಬಿನ ಗಾಡಿಗೂ ಮೇಲ್ ಸರ್ವರ್‌ಗೂ ನೋಂದಣಿ ಯಾಕೆ ಬೇಕು

ಮಂಡ್ಯದಲ್ಲಿ ನಮ್ಮ ಮಾವನದೊಂದು ಬೆಲ್ಲದ ಮಂಡಿ ಇದೆ. ಹೋದ ವರ್ಷ ಅವರಿಗೊಂದು ಡೊಮೈನ್ ಕೊಂಡು, ಬಾಡಿಗೆ ಸರ್ವರ್‌ನಲ್ಲಿ ನಾನೇ ಮೇಲ್ ವ್ಯವಸ್ಥೆ ಕೂರಿಸಿಕೊಟ್ಟೆ. ನೆಟ್‌ವರ್ಕಿಂಗ್ ಕೋರ್ಸ್ ಅರ್ಧ ಮುಗಿಸಿದವನ ಹುಮ್ಮಸ್ಸು ನೋಡಿ! ಮೂರನೇ ದಿನ ಫೋನು: “ಬಿಲ್ಲು ಹೋಗದೆ ಅಂತೀಯ, ಆ ಮೈಸೂರು ಅಂಗ್ಡಿಯವ್ರು ಒಂದೂ ಬಂದಿಲ್ಲ ಅಂತಾವ್ರೆ ಕಣಪ್ಪ.” ಲಾಗ್ ತೆಗೆದರೆ ಸಾಲುಸಾಲು 550 ಅನ್ನುವ ದೋಷಸಂಖ್ಯೆ. ಆಚೆ ಕಡೆಯ ಸರ್ವರ್ ಬಾಗಿಲಲ್ಲೇ ತಡೆದು ‘ತಗೊಳ್ಳಲ್ಲ’ ಅಂದಿತ್ತು. ಮಾವನ ಬಿಲ್ಲು ಸ್ಪ್ಯಾಮ್ ಏನಲ್ಲ. ಆದರೆ ಕಳಿಸುತ್ತಿರುವುದು ಅವರೇ ಅನ್ನುವುದಕ್ಕೆ ನಾನು ಎಲ್ಲೂ ಒಂದು ದಾಖಲೆ ಬರೆಸಿರಲಿಲ್ಲ. ಆ ವಾರ ಒದ್ದಾಡಿ ಕಲಿತದ್ದನ್ನು ಜೊತೆಗೆ ಓದುವವರಿಗಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ರೋಗದ ಮೂಲ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಾಗ ಜಾಲದಲ್ಲಿದ್ದವರು ಬಹುಪಾಲು ಪರಸ್ಪರ ಗೊತ್ತಿದ್ದವರು. ಕಳಿಸುವವನು ಹೆಸರು ಹೇಳುತ್ತಾನೆ, ಪಡೆಯುವವನು ನಂಬುತ್ತಾನೆ, ಅಷ್ಟೇ. ಆಮೇಲೆ 1986ರಲ್ಲಿ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೈನ್ ಹೆಸರುಗಳ ವಿಳಾಸಪುಸ್ತಕದಲ್ಲಿ, ಎಂಎಕ್ಸ್ ದಾಖಲೆ ಬಂತು. ಒಂದು ಡೊಮೈನ್‌ನ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನುವುದನ್ನು ಅದು ಹೇಳುತ್ತದೆ. ಪಡೆಯುವ ಸರ್ವರ್‌ಗೆ ಹೀಗೆ ನೋಂದಣಿಯಾಯಿತು, ಕಳಿಸುವ ಸರ್ವರ್‌ಗೆ ಆಗಲಿಲ್ಲ. ಯಾವ ಮೂಲೆಯ ಯಂತ್ರ ಬೇಕಾದರೂ ಮಾವನ ಡೊಮೈನ್ ಹೆಸರು ಹೇಳಿಕೊಂಡು ಮೇಲ್ ಬಿಡಬಹುದಿತ್ತು.

ನಮ್ಮ ಕಡೆ ಕಬ್ಬು ಬೆಳೆಯುವವರು ಗದ್ದೆಯನ್ನು ಕಾರ್ಖಾನೆಯಲ್ಲಿ ನೋಂದಾಯಿಸುತ್ತಾರೆ. ಸರದಿ ಬಂದಾಗ ಕಟಾವಿಗೆ ಅನುಮತಿ ಸಿಗುತ್ತದೆ. ವೇಬ್ರಿಡ್ಜ್ ಹತ್ತಿರ ಗಾಡಿ ನಿಂತಾಗ ‘ಇದು ಯಾರ ಗದ್ದೆ ಕಬ್ಬು’ ಅನ್ನುವುದು ಪುಸ್ತಕದಲ್ಲಿರುತ್ತದೆ. ಮೇಲ್‌ಗೆ ಅಂಥ ಪುಸ್ತಕವೆಂದರೆ ಡಿಎನ್‌ಎಸ್. ವ್ಯತ್ಯಾಸ ಒಂದೇ: ಇಲ್ಲಿ ಕಾರ್ಖಾನೆಯ ಕಚೇರಿಯೇ ಇಲ್ಲ, ಡೊಮೈನ್ ಒಡೆಯನೇ ತನ್ನ ಪುಟ ತಾನು ಬರೆದುಕೊಳ್ಳುತ್ತಾನೆ. ನಮ್ಮಲ್ಲಿ ವ್ಯಾಪಾರದ ಎಸ್‌ಎಂಎಸ್‌ಗೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮದಂತೆ ಕಳಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ದೂರಸಂಪರ್ಕ ಕಂಪನಿಗಳ ಹತ್ತಿರ ನೋಂದಾಯಿಸಬೇಕು. ಇಮೇಲ್‌ಗೆ ಹಾಗೆ ಒಬ್ಬ ಯಜಮಾನನಿಲ್ಲ.

ಆ ಪುಟದಲ್ಲಿ ಮೊದಲು ಬರೆಯಬೇಕಾದದ್ದು ಎಸ್‌ಪಿಎಫ್. ಇದರ ಮೊದಲ ನಿಯಮಪತ್ರ ಬಂದದ್ದು 2006ರಲ್ಲಿ, ಈಗ ಬಳಕೆಯಲ್ಲಿರುವುದು 2014ರದ್ದು. ‘ನನ್ನ ಹೆಸರಲ್ಲಿ ಮೇಲ್ ಕಳಿಸುವ ಯಂತ್ರಗಳು ಇವಿಷ್ಟೇ’ ಎಂದು ಅವುಗಳ ಐಪಿ ವಿಳಾಸಗಳನ್ನು, ಅಂದರೆ ಜಾಲದಲ್ಲಿ ಆ ಯಂತ್ರಗಳ ಅಂಕಿವಿಳಾಸಗಳನ್ನು, ಒಂದು ಸಾಲಿನಲ್ಲಿ ಬರೆಯುತ್ತೇವೆ. ಸಾಲಿನ ಕೊನೆಯಲ್ಲಿ ‘ಆಲ್’ ಅನ್ನುವ ಪದ ಬರುತ್ತದೆ, ಅದರ ಹಿಂದಿನ ಚಿಹ್ನೆಯ ಮೇಲೆ ಕಣ್ಣಿಡಿ. ಮೈನಸ್ ಇದ್ದರೆ ಪಟ್ಟಿಯಲ್ಲಿಲ್ಲದ್ದು ಖೋಟಾ ಎಂದರ್ಥ. ಅಲೆಯಂತಿರುವ ಟಿಲ್ಡೆ ಇದ್ದರೆ ‘ಅನುಮಾನ, ಆದರೆ ಒದೆಯಬೇಡಿ’ ಅಂತ. ಈ ಸಾಲನ್ನು ಬಿಡಿಸುವಾಗ ಡಿಎನ್‌ಎಸ್ ಹುಡುಕಾಟ ತರಿಸುವ ಪದಗಳು 10ನ್ನು ದಾಟಬಾರದು, ದಾಟಿದರೆ ಇಡೀ ದಾಖಲೆಯೇ ದೋಷ ಎನ್ನಿಸಿಕೊಳ್ಳುತ್ತದೆ. ಕಂಡಕಂಡ ಸೇವೆಗಳನ್ನೆಲ್ಲ ಸೇರಿಸುತ್ತ ಹೋದವರು ಸಿಕ್ಕಿಬೀಳುವುದು ಇಲ್ಲೇ.

ನನ್ನನ್ನು ಕೆಡವಿದ್ದು ಮಾತ್ರ ಪಿಟಿಆರ್. ಡೊಮೈನ್ ಹೆಸರಿನಿಂದ ಐಪಿ ಹುಡುಕುವುದು ನಮಗೆಲ್ಲ ಗೊತ್ತು. ಇದು ಅದರ ತಿರುಗಾಮುರುಗ, ಐಪಿಯಿಂದ ಹೆಸರು. 203.0.113.25 ಅನ್ನುವ ಸರ್ವರ್ ಬಾಗಿಲು ತಟ್ಟಿದರೆ ಆಚೆಯವರು ಅಂಕಿಗಳನ್ನು ಹಿಂದುಮುಂದು ಮಾಡಿ 25.113.0.203 ಎಂದು ಡಿಎನ್‌ಎಸ್‌ನ ವಿಶೇಷ ವಲಯದಲ್ಲಿ ಕೇಳುತ್ತಾರೆ. ಬಂದ ಹೆಸರನ್ನು ಮತ್ತೆ ಹುಡುಕಿದಾಗ ಅದೇ ಐಪಿ ಸಿಗಬೇಕು. ತಮಾಷೆ ಏನೆಂದರೆ, ಈ ದಾಖಲೆ ನಮ್ಮ ಡೊಮೈನ್ ಪುಟದಲ್ಲಿ ಬರೆಯುವಂಥದ್ದಲ್ಲ. ಐಪಿ ಯಾರದೋ ಅವರು ಬರೆಯಬೇಕು, ಅಂದರೆ ಬಾಡಿಗೆ ಸರ್ವರ್ ಕೊಟ್ಟವರು. ನಾನು ಎರಡು ದಿನ ನನ್ನ ಪುಟದಲ್ಲೇ ತಿದ್ದಿದ್ದೇ ತಿದ್ದಿದ್ದು!

ಮೇಲ್ ತಗೊಳ್ಳಬಾರದ ಐಪಿಗಳ ಕಪ್ಪುಪಟ್ಟಿಗಳೂ ಇದೇ ತಿರುಗಾಮುರುಗದ ಉಪಾಯವನ್ನೇ ಬಳಸುತ್ತವೆ. ತಿರುಗಿಸಿದ ಅಂಕಿಯ ಕೊನೆಗೆ ಪಟ್ಟಿಯ ಹೆಸರು ಸೇರಿಸಿ ಕೇಳಿದಾಗ 127.0.0.2ರಂಥ ಉತ್ತರ ಬಂದರೆ ಆ ಐಪಿ ಪಟ್ಟಿಯಲ್ಲಿದೆ, ಉತ್ತರವೇ ಇಲ್ಲದಿದ್ದರೆ ಇಲ್ಲ. 1998ರಲ್ಲಿ ಶುರುವಾದ ಸ್ಪ್ಯಾಮ್‌ಹೌಸ್ ಅನ್ನುವ ಸಂಸ್ಥೆಯ ಒಂದು ಪಟ್ಟಿಯಲ್ಲಿ ಮನೆಗಳ ಬ್ರಾಡ್‌ಬ್ಯಾಂಡ್ ಐಪಿಗಳೂ ಇರುತ್ತವೆ. ಅವು ಕಳ್ಳ ಅಂತಲ್ಲ, ಅಲ್ಲಿಂದ ನೇರವಾಗಿ ಮೇಲ್ ಹೊರಡಬಾರದು ಅಂತ. ಹಾಗಾಗಿ ಸರಸ್ವತಿಪುರಂನ ನಿಮ್ಮ ರೂಮಿನ ವೈಫೈನಿಂದ ಮೇಲ್ ಸರ್ವರ್ ನಡೆಸುವ ಆಸೆ ಬಿಡಿ.

ಡಿಕಿಮ್ ಬಗ್ಗೆ ಎರಡೇ ಮಾತು. ಹೊರಡುವ ಪ್ರತಿ ಮೇಲ್‌ಗೂ ಸರ್ವರ್ ಗುಟ್ಟಿನ ಕೀಲಿಯಿಂದ ಸಹಿ ಹಾಕುತ್ತದೆ. ಅದನ್ನು ಪರೀಕ್ಷಿಸುವ ಬಹಿರಂಗ ಕೀಲಿ ಡಿಎನ್‌ಎಸ್‌ನಲ್ಲಿರುತ್ತದೆ. ಮೇಲ್ ಇನ್ನೊಬ್ಬರಿಗೆ ಫಾರ್ವರ್ಡ್ ಆದಾಗ ಐಪಿ ಬದಲಾಗಿ ಎಸ್‌ಪಿಎಫ್ ಸಾಮಾನ್ಯವಾಗಿ ಮುರಿಯುತ್ತದೆ, ಒಳಗಿನ ಬರಹ ತಿದ್ದದಿದ್ದರೆ ಸಹಿ ಉಳಿಯುತ್ತದೆ.

ಡಿಮಾರ್ಕ್ ಅನ್ನುವುದು ಪರೀಕ್ಷೆಯಲ್ಲಿ ಕೇಳುವಂಥ ವಿಷಯ, ಆದ್ದರಿಂದ ನಿಧಾನವಾಗಿ ಓದಿ. ಮೇಲ್‌ಗೆ ಎರಡು ‘ಇಂದ’ಗಳಿವೆ. ಒಂದು ಲಕೋಟೆಯ ಮೇಲಿನದು, ಸರ್ವರ್‌ಗಳು ಮಾತ್ರ ನೋಡುತ್ತವೆ. ಇನ್ನೊಂದು ಒಳಗಿನ ಕಾಗದದ ಮೇಲಿನದು, ನಮ್ಮ ಕಣ್ಣಿಗೆ ಬೀಳುವುದು ಇದೇ. ಎಸ್‌ಪಿಎಫ್ ನೋಡುವುದು ಲಕೋಟೆಯನ್ನು. ವಂಚಕ ತನ್ನದೇ ಡೊಮೈನ್‌ನ ಲಕೋಟೆಯಲ್ಲಿ ಬ್ಯಾಂಕಿನ ಹೆಸರಿನ ಕಾಗದ ಇಟ್ಟರೆ ಎಸ್‌ಪಿಎಫ್ ‘ಪಾಸ್’ ಅನ್ನುತ್ತದೆ! ಕಾಗದದ ಮೇಲಿನ ಡೊಮೈನ್, ಪಾಸಾದ ಲಕೋಟೆಯ ಇಲ್ಲವೇ ಸಹಿಯ ಡೊಮೈನ್‌ಗೆ ಹೊಂದಲೇಬೇಕು ಎನ್ನುವುದು ಡಿಮಾರ್ಕ್. ಹೊಂದದಿದ್ದರೆ ಏನು ಮಾಡಬೇಕೆಂದೂ ಅದರಲ್ಲೇ ಬರೆಯುತ್ತೇವೆ: ಸುಮ್ಮನೆ ಬಿಡು, ಸ್ಪ್ಯಾಮ್‌ಗೆ ಹಾಕು, ತಿರಸ್ಕರಿಸು. ದಿನಕ್ಕೆ 5000 ಮೇಲ್ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರವರಿಯಿಂದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಕಡ್ಡಾಯ ಮಾಡಿತು, ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು ಅಂತಲೂ ಹೇಳಿತು.

ಆ ದೂರಿನ ಲೆಕ್ಕ ಯಾಕೆ ಬೇಕಾಯಿತು? ಸ್ಪ್ಯಾಮ್ ಬಿಡುವವನೂ ಅಗ್ಗದ ಡೊಮೈನ್ ಕೊಂಡು ಎಲ್ಲ ದಾಖಲೆ ಸರಿಯಾಗಿ ಬರೆಯಬಲ್ಲ, ಬರೆಯುತ್ತಾನೆ ಕೂಡ. ನೋಂದಣಿಯಾದ ಗದ್ದೆಯಿಂದಲೂ ಒಣಕಲು ಕಬ್ಬು ಬರುತ್ತದೆ. ಆದರೆ ಯಾರ ಗದ್ದೆಯದು ಅಂತ ಗೊತ್ತಿರುವುದರಿಂದ ಮುಂದಿನ ಸಲ ಆ ಗಾಡಿಯನ್ನು ತಡೆಯಬಹುದು. ನೋಂದಣಿಯಿಂದ ನಿಲ್ಲುವುದು ಬೇರೆಯವರ ಹೆಸರು ಕದಿಯುವುದು. ಉಳಿದದ್ದು ಆ ಹೆಸರು ಗಳಿಸಿದ ಮರ್ಯಾದೆಗೆ ಬಿಟ್ಟದ್ದು.

ಮಾವನ ಡೊಮೈನ್‌ಗೆ ಡಿಮಾರ್ಕ್ ಅನ್ನು ‘ಸುಮ್ಮನೆ ಬಿಡು’ ಎಂದೇ ಶುರುಮಾಡಿದೆ, ನೀವೂ ಹಾಗೇ ಮಾಡಿ. ದಿನಕ್ಕೊಮ್ಮೆ ದೊಡ್ಡ ಸರ್ವರ್‌ಗಳಿಂದ ವರದಿ ಬರುತ್ತದೆ. ಎರಡನೇ ವರದಿಯಲ್ಲೇ ಗೊತ್ತಿಲ್ಲದ ಒಂದು ಐಪಿ ಕಂಡು ಎದೆ ಝಲ್ಲೆಂದಿತು. ಹುಡುಕಿದರೆ ಕಳ್ಳನಲ್ಲ, ಅವರ ಬಿಲ್ಲಿಂಗ್ ಸಾಫ್ಟ್‌ವೇರ್‌ನದೇ ಸರ್ವರ್. ತಿಂಗಳ ಕೊನೆಯ ಬಾಕಿ ಪಟ್ಟಿ ಅಲ್ಲಿಂದ ಹೊರಡುತ್ತದೆ ಅನ್ನುವುದನ್ನು ಮಾವ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.