‘ನಂಬುತ್ತೇನೆ’ಯೋ ‘ನಂಬುತ್ತೇವೆ’ಯೋ: ಅಮೆರಿಕದ ಲೂಥರನ್ ಆರಾಧನಾ ಕ್ರಮದ ಹಿಂದಿನ ಕಡತಗಳು

1978ರಲ್ಲಿ ಹಸಿರು ರಟ್ಟಿನಲ್ಲಿ ಹೊರಬಂದ ‘ಲೂಥರನ್ ಬುಕ್ ಆಫ್ ವರ್ಷಿಪ್’ ಹಿಡಿದು ಆರಾಧನೆಗೆ ನಿಂತವರು, ಕ್ರೈಸ್ತ ನಂಬಿಕೆಯ ಸಾರವನ್ನು ಹೇಳುವ ನೈಸೀಯ ವಿಶ್ವಾಸಪ್ರಮಾಣವನ್ನು ‘ನಂಬುತ್ತೇವೆ’ ಎಂದು ಆರಂಭಿಸುತ್ತಿದ್ದರು. 1982ರ ನೀಲಿ ರಟ್ಟಿನ ‘ಲೂಥರನ್ ವರ್ಷಿಪ್’ ಹಿಡಿದವರು ‘ನಂಬುತ್ತೇನೆ’ ಎನ್ನುತ್ತಿದ್ದರು. ಎರಡಕ್ಕೂ ಆಧಾರವಿದೆ: 4ನೇ ಶತಮಾನದ ಪರಿಷತ್ತಿನ ಗ್ರೀಕ್ ಪಾಠ ಬಹುವಚನದಲ್ಲಿದೆ, ಆರಾಧನೆಯಲ್ಲಿ ರೂಢಿಯಾದ ಲ್ಯಾಟಿನ್ ಪಾಠ ಏಕವಚನದಲ್ಲಿದೆ. ಒಂದೇ ಆಯೋಗದ ಕೆಲಸದಿಂದ ಹುಟ್ಟಿದ ಈ ಎರಡು ಪುಸ್ತಕಗಳು ಬೇರೆಯಾದದ್ದು ಹೇಗೆ ಎಂಬುದನ್ನು ಅಚ್ಚಾದ ಪುಟಗಳಷ್ಟರಿಂದಲೇ ತಿಳಿಯಲಾಗದು.

ಈ ಪುಸ್ತಕಗಳ ಹಿಂದಿನ ಇನ್ನೊಂದು ಜಗಳ, ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಎಂಬ ವಿಧಿಯ ಪ್ರಾರ್ಥನೆಯದು. ಅದರ ಬೇರು ಹಳೆಯದು. ಲೂಥರನ್ನರಿಗೆ ಹೆಸರು ಕೊಟ್ಟ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ 1523ರ ಲ್ಯಾಟಿನ್ ಆರಾಧನಾ ಕ್ರಮದಲ್ಲಿಯೂ 1526ರ ಜರ್ಮನ್ ಕ್ರಮದಲ್ಲಿಯೂ, ಕರ್ತನ ಭೋಜನದ ನಡುವೆ ಪಾದ್ರಿ ಹೇಳುತ್ತಿದ್ದ ದೀರ್ಘ ಪ್ರಾರ್ಥನೆಯನ್ನು ತೆಗೆದುಹಾಕಿ, ‘ಇದು ನನ್ನ ದೇಹ’ ಎಂಬ ಕ್ರಿಸ್ತನ ಮಾತುಗಳನ್ನು ಉಳಿಸಿಕೊಂಡರು. ಆ ಪ್ರಾರ್ಥನೆಯು ಭೋಜನವನ್ನು ದೇವರು ಕೊಡುವ ವರವಾಗಿಸದೆ ಮನುಷ್ಯರು ಅರ್ಪಿಸುವ ಬಲಿಯಾಗಿಸುತ್ತದೆ ಎಂಬುದು ಅವರ ಆಕ್ಷೇಪವಾಗಿತ್ತು. ಮುಂದೆ ಕ್ರಮವನ್ನು ಪರಿಷ್ಕರಿಸಲು ಕುಳಿತವರೆಲ್ಲ ಈ ಖಾಲಿ ಜಾಗದ ಮುಂದೆ ನಿಲ್ಲಲೇಬೇಕಾಯಿತು.

ಅಮೆರಿಕದಲ್ಲಿ ಲೂಥರನ್ ಪಾದ್ರಿ ಹೆನ್ರಿ ಮೆಲ್ಕಿಯರ್ ಮ್ಯೂಲೆನ್‌ಬರ್ಗ್ ಮತ್ತು ಜೊತೆಗಾರರು 1748ರಲ್ಲಿ ಸಿದ್ಧಪಡಿಸಿದ ಕ್ರಮ ಹಲವು ದಶಕ ಅಚ್ಚಾಗದೆ, ಕೈಬರಹದ ಪ್ರತಿಗಳಲ್ಲಿಯೇ ಸಭೆಯಿಂದ ಸಭೆಗೆ ಸಾಗಿತು. ಪ್ರತಿ ಮಾಡಿಕೊಂಡವರು ಅವನ್ನು ಜೋಪಾನ ಮಾಡದೆ ಇದ್ದಿದ್ದರೆ ಆ ಪಾಠವೇ ನಮಗೆ ಸಿಗುತ್ತಿರಲಿಲ್ಲ. 1888ರಲ್ಲಿ 16ನೇ ಶತಮಾನದ ಜರ್ಮನ್ ಕ್ರಮಗಳನ್ನು ಆಧರಿಸಿದ ‘ಕಾಮನ್ ಸರ್ವಿಸ್’ ಎಂಬ ಆರಾಧನಾ ಕ್ರಮ ಬಂತು. 1941 ಮತ್ತು 1958ರ ಎರಡು ದೊಡ್ಡ ಆರಾಧನಾ ಪುಸ್ತಕಗಳೂ ಅದರ ಋಣದಲ್ಲಿವೆ.

1965ರಲ್ಲಿ ಡೆಟ್ರಾಯಿಟ್‌ನಲ್ಲಿ ಸೇರಿದ, ಅಮೆರಿಕದ ಲೂಥರನ್ ಪಂಗಡಗಳಲ್ಲಿ ಒಂದಾದ ಮಿಸೌರಿ ಸಿನಡ್, ಎಲ್ಲ ಲೂಥರನ್ನರೂ ಕೂಡಿ ಒಂದೇ ಪುಸ್ತಕ ರೂಪಿಸೋಣ ಎಂದು ಉಳಿದ ಸಭೆಗಳನ್ನು ಕರೆಯಿತು. 1966ರಲ್ಲಿ ಅಂತರ-ಲೂಥರನ್ ಆರಾಧನಾ ಆಯೋಗ ರಚನೆಯಾಯಿತು. 1969ರಿಂದ ಅದು ‘ಕಾಂಟೆಂಪರರಿ ವರ್ಷಿಪ್’ ಎಂಬ ಕಿರುಪುಸ್ತಕಗಳನ್ನು ಪ್ರಯೋಗಕ್ಕೆ ಬಿಟ್ಟಿತು. 1970ರಲ್ಲಿ ಬಂದ ಎರಡನೆಯ ಕಿರುಪುಸ್ತಕ ಕರ್ತನ ಭೋಜನಕ್ಕೆ ಸಂಬಂಧಿಸಿದ್ದು. ಕ್ರಿಸ್ತನ ಮಾತುಗಳನ್ನು ಸ್ತೋತ್ರ ಪ್ರಾರ್ಥನೆಯೊಂದರ ಒಳಗೆ ಇರಿಸಿದರೆ ವರ ಮತ್ತೆ ಅರ್ಪಣೆಯಾದೀತೇ ಎಂಬ ಲೂಥರನ ಪ್ರಶ್ನೆ ಹೊಸದಾಗಿ ಎದ್ದಿತು. ಒಂದು ಪಕ್ಷ ಆದಿಸಭೆಯ ರೂಢಿಯನ್ನು ಮುಂದಿಟ್ಟರೆ, ಇನ್ನೊಂದು ಪಕ್ಷ ಸುವಾರ್ತೆಯ ಸ್ಪಷ್ಟತೆಯನ್ನು ಮುಂದಿಟ್ಟಿತು. ಎರಡು ಪಕ್ಷಗಳ ಕಾಳಜಿಯೂ ಪ್ರಾಮಾಣಿಕವಾದದ್ದು ಎಂದೇ ನಾನು ನಂಬಿದ್ದೇನೆ. ಕೊನೆಗೆ 1978ರ ಪುಸ್ತಕ ಆ ಜಾಗದಲ್ಲಿ ಮೂರು ಆಯ್ಕೆಗಳನ್ನು ಅಚ್ಚು ಮಾಡಿತು: ಪೂರ್ಣ ಪ್ರಾರ್ಥನೆ, ಕ್ರಿಸ್ತನ ಮಾತುಗಳು ಮಾತ್ರ, ಇಲ್ಲವೇ ಸ್ತೋತ್ರ ಪ್ರಾರ್ಥನೆಯ ನಂತರ ಆ ಮಾತುಗಳು. ಒಮ್ಮತವಾಗದ ವಿಷಯವನ್ನು ಹೀಗೆ ಪುಟದ ಮೇಲೆಯೇ ತೆರೆದಿಟ್ಟದ್ದು ಸಣ್ಣ ಮಾತಲ್ಲ.

ಅಷ್ಟರಲ್ಲಿ ಮಿಸೌರಿ ಸಿನಡ್‌ನ ಒಳಗೆ ಬೈಬಲ್ ವ್ಯಾಖ್ಯಾನದ ವಿವಾದ ತೀವ್ರವಾಗಿ, 1974ರಲ್ಲಿ ಸೇಂಟ್ ಲೂಯಿಸ್‌ನಲ್ಲಿದ್ದ ಅದರ ಸೆಮಿನರಿಯಿಂದ (ಪಾದ್ರಿಗಳ ತರಬೇತಿ ಶಾಲೆಯಿಂದ) ಹೆಚ್ಚಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಹೊರನಡೆದಿದ್ದರು. ಆ ವಾತಾವರಣದಲ್ಲಿ ಸಿನಡ್‌ನ 1977ರ ಡಲ್ಲಾಸ್ ಅಧಿವೇಶನ ಆಯೋಗದ ಪುಸ್ತಕವನ್ನು ಒಪ್ಪುವ ಬದಲು ಪರಿಶೀಲನಾ ಸಮಿತಿಗೆ ಒಪ್ಪಿಸಿತು. ಅದರ ಫಲವೇ ಆ ನೀಲಿ ರಟ್ಟಿನ ಪುಸ್ತಕ.

ಈ ಕಾಲದ ದಾಖಲೆಗಳು ಇಂದು ಎರಡು ಕಡೆ ಹಂಚಿಹೋಗಿವೆ. ಅಮೆರಿಕದ ಇನ್ನೊಂದು ಲೂಥರನ್ ಪಂಗಡವಾದ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್‌ನ ದಾಖಲಾಗಾರದಲ್ಲಿ ಆಯೋಗದ ಕಾಗದಪತ್ರಗಳಿದ್ದರೆ, ಸೇಂಟ್ ಲೂಯಿಸ್‌ನ ಕಾಂಕಾರ್ಡಿಯಾ ಹಿಸ್ಟಾರಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಮಿಸೌರಿ ಸಿನಡ್‌ನ ದಾಖಲೆಗಳಿವೆ. ಎರಡನ್ನೂ ಜೋಡಿಸಿ ಓದಬೇಕಾದದ್ದು ಏಕೆಂದರೆ, ಹಸಿರು ಪುಸ್ತಕದಲ್ಲಿ ಅದನ್ನು ಸಿದ್ಧಪಡಿಸಿದ ಸಭೆಗಳ ಪಟ್ಟಿಯೊಳಗೆ, ಅದನ್ನು ಒಪ್ಪದೆ ಹೋದ ಮಿಸೌರಿ ಸಿನಡ್‌ನ ಹೆಸರು ಇಂದಿಗೂ ಹಾಗೆಯೇ ಅಚ್ಚಾಗಿ ನಿಂತಿದೆ.