ಗಂಟು ಕಾಣುತ್ತದೆ, ಸರಿ, ಗ್ರಂಥಿ ಎಲ್ಲಿದೆ?

ಕತ್ತಿನ ನಟ್ಟನಡುವೆ ಗಂಟು ಇರುವವರಿಗೆ ಆಪರೇಷನ್ನಿಗೆ ಮುನ್ನ ಅಲ್ಟ್ರಾಸೌಂಡ್ ಮಾಡಿಸಿ ಎಂದರೆ, ಬಾಗಲಕೋಟೆಯ ನನ್ನ ಕೋಣೆಯಲ್ಲಿ ಕೇಳಿಬರುವ ಮಾತು ಬಹುತೇಕ ಒಂದೇ: "ಗಂಟು ಕಣ್ಣಿಗೆ ಕಾಣತೈತಿ, ಕೈಗೆ ಹತ್ತತೈತಿ, ಮತ್ತ ಸ್ಕ್ಯಾನಿಂಗ್ ಯಾಕ್ರೀ ಸಾಹೇಬ್ರ?" ಈ ಪ್ರಶ್ನೆಯ ಹಿಂದೆ ರೊಕ್ಕದ ಚಿಂತೆಯೂ ಇರುತ್ತದೆ, ಅದನ್ನು ತಪ್ಪೆನ್ನಲಾರೆ. ಆದರೆ ಮತ್ತೆ ಮತ್ತೆ ಹೇಳಬೇಕಾಗಿದೆ: ಗಂಟು ಇದೆಯೆಂಬುದು ನನಗೂ ಗೊತ್ತು, ಥೈರಾಯ್ಡ್ ಗ್ರಂಥಿ ತನ್ನ ಜಾಗದಲ್ಲಿ ಇದೆಯೇ ಎಂದು ನೋಡಲು ಆ ಸ್ಕ್ಯಾನಿಂಗ್.

ಭ್ರೂಣದಲ್ಲಿ ಥೈರಾಯ್ಡ್ ಹುಟ್ಟುವುದು ನಾಲಿಗೆಯ ಬುಡದಲ್ಲಿ. ಅಲ್ಲಿಂದ ಕೆಳಗಿಳಿದು, ಸುಮಾರು 7ನೆಯ ವಾರದ ಹೊತ್ತಿಗೆ ಶ್ವಾಸನಾಳದ ಮುಂದೆ ನೆಲೆಯಾಗುತ್ತದೆ. ಇಳಿದ ದಾರಿ ಪೂರ್ತಿ ಮುಚ್ಚದಿದ್ದರೆ ಅಲ್ಲಿ ನೀರುಗಂಟು ಬೆಳೆಯಬಹುದು. ನಾಲಿಗೆ ಹೊರಚಾಚಿದರೆ ಅದು ಮೇಲೇರುತ್ತದೆ. ಅದನ್ನು ನಾಲಿಗೆಯ ಕೆಳಗಿರುವ ಹಯಾಯ್ಡ್ ಎಲುಬಿನ ನಡುಭಾಗದ ಸಮೇತ ತೆಗೆಯುವ, ಸಿಸ್ಟ್ರಂಕ್ ಎಂಬ ಅಮೆರಿಕದ ಸರ್ಜನ್ 1920ರಲ್ಲಿ ವಿವರಿಸಿದ ಕ್ರಮವೇ ಇಂದಿಗೂ ರೂಢಿಯಲ್ಲಿದೆ. ಆದರೆ ಅಪರೂಪಕ್ಕೆ ಗ್ರಂಥಿಯೇ ನಡುದಾರಿಯಲ್ಲಿ ನಿಂತುಬಿಟ್ಟಿರುತ್ತದೆ, ಮತ್ತು ಹೊರಗಿನಿಂದ ಅದೂ ನೀರುಗಂಟಿನಂತೆಯೇ ಕಾಣುತ್ತದೆ. ನಾಲಿಗೆಯ ಬುಡದಲ್ಲೇ ಗ್ರಂಥಿ ಉಳಿದವರ ಪೈಕಿ ಸುಮಾರು ಶೇ. 70ರಷ್ಟು ಜನರಿಗೆ ಅದರ ಹೊರತು ಬೇರೆ ಥೈರಾಯ್ಡ್ ಇರುವುದೇ ಇಲ್ಲ. ಅರಿಯದೆ ಅದನ್ನು ತೆಗೆದರೆ, ಬೆಳೆಯುವ ಮಗುವಿನ ಎತ್ತರಕ್ಕೂ ಓದಿಗೂ ಪೆಟ್ಟು ಬೀಳಬಹುದು.

ಜಮಖಂಡಿ ಕಡೆಯ ಕಬ್ಬು ಬೆಳೆಗಾರರೊಬ್ಬರು ಕಟಾವಿನ ನಡುವೆ ಬಿಡುವು ಮಾಡಿಕೊಂಡು ಮಗಳನ್ನು ಕರೆತಂದಿದ್ದರು. ಸ್ಕ್ಯಾನಿಂಗ್‌ನಲ್ಲಿ ಶ್ವಾಸನಾಳದ ಎರಡೂ ಬದಿ ಖಾಲಿ. ಇದ್ದದ್ದು ಆ ಗಂಟೊಂದೇ. ರಕ್ತಪರೀಕ್ಷೆಯಲ್ಲಿ, ಥೈರಾಯ್ಡನ್ನು ಹೆಚ್ಚು ದುಡಿಯಲು ಪ್ರಚೋದಿಸುವ ಟಿಎಸ್ಎಚ್ ಏರಿತ್ತು, ಹುಡುಗಿ ಶಾಲೆಯಲ್ಲಿ ತೂಕಡಿಸುತ್ತಿದ್ದಳಂತೆ. ಕತ್ತಿ ಹಿಡಿಯದೆ, ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್ ಗುಳಿಗೆ ಬರೆದುಕೊಟ್ಟೆ. "ಆಪರೇಷನ್ನಿಗಂತ ಬಂದ್ರ ಗುಳಿಗಿ ಕೊಟ್ಟು ಕಳಸ್ತೀರಲ್ರೀ" ಎಂದು ತಂದೆ ಮುನಿಸಿಕೊಂಡರು. ತಿಂಗಳುಗಳ ಮೇಲೆ ಗಂಟು ಕುಗ್ಗಿತು. ಎಲ್ಲರಲ್ಲೂ ಹೀಗೆ ಕುಗ್ಗುತ್ತದೆಂಬ ಭರವಸೆ ಕೊಡಲಾರೆ.

ಸ್ಕ್ಯಾನಿಂಗ್ ಎಲ್ಲವನ್ನೂ ತೋರಿಸುವುದೂ ಇಲ್ಲ. ಥೈರಾಯ್ಡ್ ತೆಗೆಯುವಾಗ ನಾವು ಅತ್ಯಂತ ಜೋಪಾನ ಮಾಡುವ ಧ್ವನಿನರ ಬಲಗಡೆ ಸಾಮಾನ್ಯವಾಗಿ ಕತ್ತಿನ ಬುಡದಲ್ಲಿ ಬಲಗೈಗೆ ಹೋಗುವ ರಕ್ತನಾಳವನ್ನು ಸುತ್ತಿಕೊಂಡು ಮೇಲಕ್ಕೆ ಮರಳುತ್ತದೆ. 100ರಿಂದ 200 ಜನರಲ್ಲಿ ಒಬ್ಬರಿಗೆ, ಆ ರಕ್ತನಾಳವೇ ಮಹಾಪಧಮನಿಯ ಎಡತುದಿಯಿಂದ ಹೊರಟು ಅನ್ನನಾಳದ ಹಿಂದೆ ಹಾಯುವುದರಿಂದ, ಸುತ್ತಲು ಏನೂ ಸಿಗದೆ ನರವು ನೇರವಾಗಿ ಅಡ್ಡಹಾಯ್ದು ಧ್ವನಿಪೆಟ್ಟಿಗೆ ಸೇರುತ್ತದೆ. ಅದನ್ನು ಸಣ್ಣ ರಕ್ತನಾಳವೆಂದು ಭಾವಿಸಿ ಕಟ್ಟಿಬಿಡುವುದು ಸುಲಭ. ಹಿಂದೆಂದಾದರೂ ಎದೆಯ ಸಿ.ಟಿ. ಮಾಡಿಸಿದ್ದರೆ ಆ ರಕ್ತನಾಳದ ಸುಳಿವು ಅದರಲ್ಲಿ ಸಿಗಬಹುದು. ಆದ್ದರಿಂದ ವರದಿಯ ಹಾಳೆಯ ಜೊತೆಗೆ ಫಿಲ್ಮನ್ನೂ ತನ್ನಿ, ಮನೆಯ ಟ್ರಂಕಿನಲ್ಲಿ ಬಿಟ್ಟುಬರಬೇಡಿ. ಸುಳಿವೇ ಇಲ್ಲದಾಗ, ಇರಬೇಕಾದಲ್ಲಿ ನರ ಕಾಣದಿದ್ದರೆ, ಅಡ್ಡಹಾಯುವ ಯಾವ ಎಳೆಯನ್ನೂ ಕತ್ತರಿಸದೆ ಮೇಲಿನಿಂದ ಹುಡುಕುತ್ತಾ ಬರಬೇಕಾಗುತ್ತದೆ. ಥಿಯೇಟರಿನ ಬಾಗಿಲಲ್ಲಿ ನಿಂತು "ಎರಡು ತಾಸಂದಿದ್ರಿ, ಮೂರಾತಲ್ರೀ" ಎಂದು ಸಿಸ್ಟರನ್ನು ಗದರುವವರು ಆ ಹೆಚ್ಚಿನ ತಾಸು ಹೀಗೆ ಹುಡುಕುವುದರಲ್ಲಿ ಹೋಗಿರಬಹುದೆಂದು ತಿಳಿಯಲಿ.